ಸುಮ್ಮನಿರುವ ಪೆಟ್ಟಿಗೆ

ಬೂದಿಕೋಟೆಯ ಒಂದು ಗೃಹಪ್ರವೇಶದಲ್ಲಿ ತತ್ವಪದ ಹಾಡುತ್ತಿದ್ದ ಆದಿಲಕ್ಷ್ಮಮ್ಮ, ಚರಣದ ನಡುವೆಯೇ ನಿಲ್ಲಿಸಿ ಮೈಕನ್ನು ಪಕ್ಕಕ್ಕೆ ತಳ್ಳಿಬಿಟ್ಟಳು. ಚಪ್ಪರದ ಮೂಲೆಯಲ್ಲಿ ಆಂಪ್ಲಿಫೈಯರಿನ ಮುಂದೆ ಕೂತಿದ್ದ ಕೊಂಡಪ್ಪ ಎದ್ದು ಓಡಿಬಂದ.

"ಯಾಕ್ ದೊಡ್ಡಮ್ಮ, ಏನಾಯ್ತು?"

"ಒರೇ ಕೊಂಡಪ್ಪಾ, ನಿನ್ ಪೆಟ್ಟಿಗೇಲಿ ಯಾರೋ ಕುಂತವ್ರೆ ಕಣ್ಲಾ. ನಾನು ದನಿ ಇಳಿಸಿದ್ರೆ ಅವ್ರೂ ಊಂ ಅಂತಾರೆ. ನಾನು ನಿಲ್ಲಿಸಿದ್ ಮ್ಯಾಲೂ ಊಂ ಅಂತಾರೆ. ಇದು ನಂಗ್ ಬ್ಯಾಡ."

ಜನ ನಕ್ಕರು. ಮೈಕಿಲ್ಲದೆ ಅವಳು ಹಾಡು ಮುಗಿಸಿದಳು. ಮುಂದೆ ಕೂತ ನಾಲ್ಕು ಹೆಂಗಸರನ್ನು ಬಿಟ್ಟರೆ ಯಾರಿಗೂ ಕೇಳಿಸಲಿಲ್ಲ. ಅಂದಿನಿಂದ ಅವಳು ಸಭೆಗಳಲ್ಲಿ ಹಾಡುವುದನ್ನೇ ಬಿಟ್ಟಳು.

ಕೊಂಡಪ್ಪನಿಗೆ ಅದು ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳಾಯಿತು. ಬಂಗಾರಪೇಟೆಯ ರೈಲ್ವೆ ಸ್ಟೇಷನ್ ಹತ್ತಿರ ಅವನದೊಂದು ಸೌಂಡ್ ಸರ್ವೀಸ್. ಕಾಮಸಮುದ್ರದಿಂದ ಕೋಲಾರದವರೆಗೆ ಅವನ ಸ್ಪೀಕರ್ ಪೆಟ್ಟಿಗೆಗಳ ಸದ್ದಿಗೆ ಕಿಟಕಿ ಅದುರದ ಊರಿಲ್ಲ, ಅದೇ ಅವನ ಹೆಮ್ಮೆಯೂ ಆಗಿತ್ತು. ಆದರೆ ಆದಿಲಕ್ಷ್ಮಮ್ಮ ಬರೀ ಗಿರಾಕಿಯಲ್ಲ. ಅವನ ತಾಯಿ ಹಾಲು ಕರೆಯುತ್ತ ಗುನುಗುತ್ತಿದ್ದ ಪದಗಳೆಲ್ಲ ಅವಳಿಂದ ಕಲಿತವು. ಕೊಂಡಪ್ಪ ವೈರು ಬದಲಾಯಿಸಿದ, ಹೊಸ ಮೈಕು ತಂದ, ಆಂಪ್ಲಿಫೈಯರಿನ ಗುಂಡಿಗಳನ್ನೆಲ್ಲ ತಿರುವಿ ನೋಡಿದ. ಆ 'ಊಂ' ಹೋಗಲಿಲ್ಲ.

ಕೊನೆಗೆ ಪೆಟ್ಟಿಗೆಯನ್ನು ವ್ಯಾನಿಗೆ ಹಾಕಿಕೊಂಡು ಚಿನ್ನದ ಗಣಿಯ ಊರು ಚಾಂಪಿಯನ್ ರೀಫ್ಸಿಗೆ ಹೋದ. ಅಲ್ಲಿ ಗಣಿ ಕಾರ್ಮಿಕರ ಸಾಲುಮನೆಗಳಾದ ಲೈನ್ ಮನೆಗಳಲ್ಲೊಂದರಲ್ಲಿ ಮೀನಾ ಮರಗೆಲಸ ಮಾಡುತ್ತಿದ್ದಳು. ಗಣಿಯೊಳಗೆ ಮರದ ಆಸರೆ ಕಟ್ಟುತ್ತಿದ್ದ ಅವಳಪ್ಪ ಸೆಲ್ವರಾಜ್, ಗಣಿ ಮುಚ್ಚಿದ ಮೇಲೆ ಬಾಗಿಲು ಕಿಟಕಿ ಮಾಡಿ ಸಂಸಾರ ನಡೆಸಿದವನು. ಅವನು ತೀರಿಕೊಂಡ ಮೇಲೆ ಉಳಿ ಸುತ್ತಿಗೆ ಮಗಳ ಕೈಗೆ ಬಂದವು. ಬೀರು ಮಾಡುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ, ಮಾತಿನಲ್ಲಿ ಅವಳನ್ನು ಗೆಲ್ಲುವವರೂ ಇರಲಿಲ್ಲ.

ಕೊಂಡಪ್ಪ ತನ್ನ ಫೋನಿನಲ್ಲಿದ್ದ ಆದಿಲಕ್ಷ್ಮಮ್ಮನ ಹಾಡು ಹಾಕಿದ. ಮೀನಾ ಪೆಟ್ಟಿಗೆಯ ಪಕ್ಕೆಗೆ ಅಂಗೈ ಒತ್ತಿ ಕಣ್ಣು ಮುಚ್ಚಿಕೊಂಡಳು. ಆಮೇಲೆ ಪೆಟ್ಟಿಗೆಯನ್ನು ಮಗ್ಗುಲಾಗಿ ಮಲಗಿಸಿ, ಮನೆಯೊಳಗಿಂದ ಒಂದು ಹಿಡಿ ರಾಗಿ ತಂದು ಅದರ ಮೇಲೆ ಚೆಲ್ಲಿದಳು.

"ಇನ್ನೊಂದ್ಸಲ ಹಾಕಿ ಅಣ್ಣಾ."

ಹಾಡು ಮೇಲಿನ ಸ್ವರಗಳಲ್ಲಿರುವಷ್ಟು ಹೊತ್ತು ಕಾಳುಗಳು ಸುಮ್ಮನಿದ್ದವು. ದನಿ ಕೆಳಗಿಳಿದದ್ದೇ ತಡ, ಹಲಗೆಯ ನಡುಭಾಗದ ರಾಗಿಯೆಲ್ಲ ಬಿಸಿ ಬಾಣಲೆಗೆ ಬಿದ್ದಂತೆ ಚಿಟಿಚಿಟಿ ಕುಣಿದು ಅಂಚಿಗೆ ಸರಿಯಿತು.

"ನೋಡಿದ್ರಾ? ಸ್ಪೀಕರ್ ಸರಿಯಾಗೇ ಹಾಡ್ತಿದೆ. ಜೊತೇಲಿ ಪೆಟ್ಟಿಗೇನೂ ಹಾಡ್ತಿದೆ. ಹಲಗೆ ತೆಳು, ಒಳಗೆ ಆಸರೆ ಇಲ್ಲ. ಎಂಥಾ ಡಬ್ಬಾ ಅಣ್ಣಾ ಇದು!"

"ಹಂಗಾರೆ ದಪ್ಪ ಹಲಗೇಲಿ ಮಾಡ್ಕೊಡಮ್ಮ. ಅದಕ್ಕೇನಂತೆ?"

ಅದು ಅಷ್ಟು ಸುಲಭದ್ದಾಗಿರಲಿಲ್ಲ. ದಪ್ಪ ಪ್ಲೈವುಡ್ಡಿನಲ್ಲಿ ಮಾಡಿದ ಮೊದಲ ಪೆಟ್ಟಿಗೆಯನ್ನು ಎತ್ತುವುದಕ್ಕೇ ಗಟ್ಟಿಮುಟ್ಟಾದ ಆಳುಗಳು ಬೇಕಾದರು. ಗೊಣಗಾಟ ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ. ಮೀನಾ ಅದನ್ನು ಬಿಚ್ಚಿ ಎಸೆದಳು. ತೆಳು ಹಲಗೆಗೇ ಒಳಗಿನಿಂದ ಸರಿಯಾಗಿ ನಡುಮಧ್ಯಕ್ಕೆ ಅಡ್ಡಪಟ್ಟಿ ಕೊಟ್ಟಳು. ಈಗ 'ಊಂ' ಹೋಗಿ, ಹಾಡು ಮೇಲೇರಿದಾಗ 'ಈಂ' ಎಂಬ ಹೊಸ ರಾಗ ಶುರುವಾಯಿತು. ಪಟ್ಟಿಯ ಆಚೆ ಈಚೆ ಉಳಿದ ಎರಡು ಸಮಭಾಗಗಳೂ ಒಟ್ಟಿಗೇ ಅದುರುತ್ತಿದ್ದವು.

ಅಷ್ಟರಲ್ಲಿ ಲೈನಿನವರಿಗೆಲ್ಲ ಆ ಹಾಡು ಬಾಯಿಪಾಠವಾಗಿತ್ತು. ಪಕ್ಕದ ಮನೆಯ ಮಾರಿಯಮ್ಮ ಪಾತ್ರೆ ತೊಳೆಯುತ್ತಾ ಅದೇ ಚರಣ ಹಾಡುವಳು, ಹಾಡಿ ಮುಗಿಸಿ, "ಏನಮ್ಮಾ ಮೀನಾ, ನಿನ್ ಡಬ್ಬಾಗಿಂತ ನಾನೇ ವಾಸಿ ಅಲ್ವಾ?" ಎಂದು ಕೂಗುವಳು.

ಒಂದು ದಿನ ಕೊಂಡಪ್ಪನಿಗೂ ಸಾಕೆನಿಸಿತು. "ಬಿಟ್ಬಿಡಮ್ಮ. ಆ ಯಮ್ಮಂಗೆ ವಯಸ್ಸಾಗದೆ. ಇಷ್ಟು ಸೂಕ್ಷ್ಮ ಇನ್ಯಾರ್ ಕೇಳ್ತಾರೆ?"

ಮೀನಾ ತಲೆಯೆತ್ತಿ ನೋಡಿದಳು. "ನಾನು ಕೇಳ್ತೀನಲ್ಲ ಅಣ್ಣಾ. ನನ್ನ ಕಿವಿಗೆ ಬಿದ್ದಾಯ್ತು, ಇನ್ನು ಬಿಡೋದೆಂಗೆ? ಕೊಂಚ ಪೊರುಂಗ, ಸ್ವಲ್ಪ ತಾಳಿ."

ಬದುಕಿನುದ್ದಕ್ಕೂ ಕೊಂಡಪ್ಪ ಸದ್ದು ಹೆಚ್ಚಿಸಿ ಮಾಡಿದ ಜಂಬವೆಲ್ಲ ಆ ಒಂದು ಮಾತಿನ ಮುಂದೆ ತೆಳುವಾಗಿ ಕಂಡಿತು. ಅವನು ಅಲ್ಲೇ ಕೂತು ಅವಳ ಕೆಲಸ ನೋಡತೊಡಗಿದ. ಅವಳು ಹಲಗೆಯನ್ನು ಗೆಣ್ಣಿನಿಂದ ತಟ್ಟುವಳು, ಕಿವಿಯಿಡುವಳು, ಒಂದು ಬೆರಳಗಲ ಸರಿದು ಮತ್ತೆ ತಟ್ಟುವಳು. ಗಣಿಯಲ್ಲಿ ಅವಳಪ್ಪ ಹೀಗೇ ತಲೆಯ ಮೇಲಿನ ಬಂಡೆ ತಟ್ಟಿ, ಟೊಳ್ಳು ಸದ್ದು ಬಂದ ಕಡೆ ಆಸರೆ ಕೊಡುತ್ತಿದ್ದನಂತೆ.

ಅವಳಿಗೆ ಹೊಳೆದದ್ದು ಪಂಕ್ಚರ್ ಅಂಗಡಿಯ ಮುಂದೆ. ಅಂಗಡಿಯವನು ಲಾರಿಯ ಹಳೇ ಟ್ಯೂಬಿನ ಚೂರೊಂದನ್ನು ಕಬ್ಬಿಣದ ಪಟ್ಟಿಯ ಕೆಳಗೆ ಹಾಸಿ ಬಡಿಯುತ್ತಿದ್ದ. ಹಾಸಿದಾಗ ಠಣ್ ಎನ್ನುತ್ತಿರಲಿಲ್ಲ, ತೆಗೆದಾಗ ಎನ್ನುತ್ತಿತ್ತು. ಮೀನಾ ಅವನ ಹತ್ತಿರವಿದ್ದ ಹರಕು ಟ್ಯೂಬುಗಳನ್ನೆಲ್ಲ ಹೊತ್ತು ತಂದಳು. ಎರಡು ತೆಳು ಪ್ಲೈವುಡ್ ಹಲಗೆಗಳ ನಡುವೆ ಆ ರಬ್ಬರನ್ನು, ರೊಟ್ಟಿಯೊಳಗೆ ಪಲ್ಯ ಇಟ್ಟಂತೆ, ಸಲ್ಯೂಷನ್ ಹಚ್ಚಿ ಇಟ್ಟಳು. ಅಂಟು ಕೂರಲು ಭಾರ ಬೇಕಿತ್ತು. ಮಾರಿಯಮ್ಮ ಮುಂದೆ ನಿಂತು ಲೈನಿನ ಮನೆಮನೆಯಿಂದ ರುಬ್ಬುಗುಂಡು, ಒರಳು, ಅಮ್ಮಿಕಲ್ಲುಗಳನ್ನು ಹೊರಿಸಿ ತಂದಳು. ಆ ದಿನ ಲೈನಿನಲ್ಲಿ ಕಲ್ಲಲ್ಲಿ ರುಬ್ಬಿದ ಚಟ್ನಿ ಯಾರ ಮನೆಯಲ್ಲೂ ಇರಲಿಲ್ಲ.

ಅಡ್ಡಪಟ್ಟಿಗಳನ್ನು ಅವಳು ಈ ಸಲ ನಡುವಿಗೆ ಕೊಡಲಿಲ್ಲ. ಒಂದನ್ನು ಎಡಕ್ಕೆ, ಇನ್ನೊಂದನ್ನು ಓರೆಯಾಗಿ ಕೊಟ್ಟು, ಯಾವ ಎರಡು ಭಾಗವೂ ಒಂದೇ ಅಳತೆಯಾಗದಂತೆ ಮಾಡಿದಳು. "ಅಕ್ಕಪಕ್ಕ ಒಂದೇ ದನಿಯವರು ಕೂತ್ರೆ ತಾನೇ ಕೋರಸ್ಸು?" ಎಂದು ನಕ್ಕಳು.

ರಾಗಿ ಚೆಲ್ಲಿ ಹಾಡು ಹಾಕಿದರು. ದನಿ ಇಳಿಯಿತು. ಅಂಚಿನಲ್ಲಿ ಒಂದೆರಡು ಕಾಳು ಜರುಗಿದವು, ಮಿಕ್ಕದ್ದೆಲ್ಲ ಬಿದ್ದಲ್ಲೇ ಬಿದ್ದಿತ್ತು. ಕೊಂಡಪ್ಪ ಕೈಮುಗಿದದ್ದು ಪೆಟ್ಟಿಗೆಗೋ ಅವಳಿಗೋ ಅವನಿಗೇ ತಿಳಿಯಲಿಲ್ಲ.

ಬೂದಿಕೋಟೆಯಲ್ಲಿ ಹಾಲಿನ ಡೈರಿಯ ಹೊಸ ಕಟ್ಟಡದ ಪೂಜೆ. ಆದಿಲಕ್ಷ್ಮಮ್ಮ ಬರಲೊಪ್ಪಿದಳು, ಹಾಡಲೊಪ್ಪಲಿಲ್ಲ. ಕೊಂಡಪ್ಪ ಅವಳ ಕಾಲ ಬಳಿ ಕೂತ. "ದೊಡ್ಡಮ್ಮ, ಒಂದೇ ಪದ. ಊಂ ಅಂದ್ರೆ ಪೆಟ್ಟಿಗೇನ ನಿಮ್ ಒಲೆಗೇ ಆಕ್ತೀನಿ."

ಅವಳು ಅರೆಮನಸ್ಸಿನಿಂದ ಶುರುಮಾಡಿದಳು. ಹಿಂದಿನ ಸಾಲಿನಲ್ಲಿ ಹಾಲಿನ ಕ್ಯಾನಿನ ಮೇಲೆ ಕೂತಿದ್ದವರೂ ಮಾತು ನಿಲ್ಲಿಸಿದರು. ದನಿ ಕೆಳಗಿಳಿಯಿತು, ಇನ್ನೂ ಇಳಿಯಿತು, ಮತ್ತೆ ಥಟ್ಟನೆ ನಿಂತಿತು.

"ಇದು ನನ್ ದನೀನಾ?" ಆದಿಲಕ್ಷ್ಮಮ್ಮ ಮೈಕಿನಲ್ಲೇ ಕೇಳಿದಳು. "ಇಷ್ಟು ಒಡೆದೋಗದಾ?"

ನಿಜ, ಆ ಗೊಣಗಾಟ ಅಷ್ಟು ವರ್ಷ ಮುಚ್ಚಿಟ್ಟಿದ್ದ ಬಿರುಕು, ಏದುಸಿರು, ಎಲ್ಲವೂ ಈಗ ಬಯಲಾಗಿತ್ತು. ಕೊಂಡಪ್ಪ ಪೆಟ್ಟಿಗೆಯ ಪಕ್ಕದಲ್ಲಿ ನಿಂತಿದ್ದ ಮೀನಾಳ ಕಡೆ ನೋಡಿದ. ಅವಳ ಮುಖವೂ ಇಳಿದಿತ್ತು.

ಆದಿಲಕ್ಷ್ಮಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಆಮೇಲೆ ನಕ್ಕಳು. "ಒಡೆದಿದ್ರೂ ನಂದೇ. ಈಗ ನಾನೊಬ್ಳೇ ಇವ್ನಿ" ಎಂದು ಅದೇ ಚರಣವನ್ನು ಮೊದಲಿನಿಂದ ಎತ್ತಿಕೊಂಡಳು. ಒಡೆದ ಕಡೆಯಲ್ಲಿ ಮುಚ್ಚಿಕೊಳ್ಳದೆ, ಅವಸರಿಸದೆ, ಅಲ್ಲೇ ತುಸು ನಿಂತು ಹಾಡಿದಳು. ಹೆಂಗಸರು ಕಣ್ಣೊರೆಸಿಕೊಂಡರು. ಕೊಂಡಪ್ಪನಿಗೆ ಗುಂಡಿ ತಿರುಗಿಸುವ ಕೆಲಸವೇ ಇರಲಿಲ್ಲ.

ಊಟದ ಹೊತ್ತಿಗೆ ಡೈರಿಯ ಸೆಕ್ರೆಟರಿ ನಂದಕುಮಾರ್ ಬಂದು, "ಯಾವ ಕಂಪನಿ ಸೆಟ್ ಇದು ಕೊಂಡಪ್ಪ?" ಎಂದ.

"ಚಾಂಪಿಯನ್ ರೀಫ್ಸ್ ಮೀನಮ್ಮಂದು. ಪೆಟ್ಟಿಗೆ ಆ ಯಮ್ಮಂದು."

"ಪೆಟ್ಟಿಗೆ ಏನ್ ಮಾಡ್ತದಯ್ಯ?"

"ಏನೂ ಮಾಡಲ್ಲ ಸ್ವಾಮಿ. ಅದು ಏನೂ ಮಾಡ್ದಂಗೆ ಮಾಡೋಕೆ ಆ ಯಮ್ಮ ಪಟ್ಟ ಪಾಡು ನಾನ್ ನೋಡಿವ್ನಿ" ಎಂದು ಕೊಂಡಪ್ಪ ಟ್ಯೂಬಿನಿಂದ ಹಿಡಿದು ಓರೆಪಟ್ಟಿಯವರೆಗೆ ಹೇಳುತ್ತ ಹೋದ. ನಂದಕುಮಾರನ ಎಲೆಯ ಮೇಲಿನ ಪಾಯಸ ಆರಿ ಗಟ್ಟಿಯಾಯಿತು.

ಅತ್ತ ಆದಿಲಕ್ಷ್ಮಮ್ಮ ಮೀನಾಳನ್ನು ಪಕ್ಕಕ್ಕೆ ಕೂರಿಸಿಕೊಂಡು, ತನ್ನ ಎಲೆಯಿಂದ ಹೋಳಿಗೆಯೆತ್ತಿ ಅವಳ ಎಲೆಗೆ ಹಾಕುತ್ತಿದ್ದಳು. ಬರುವ ಸೋಮವಾರ ಕಾಮಸಮುದ್ರದಲ್ಲಿ ಹಾಡಲು ಅವಳು ಆಗಲೇ ಒಪ್ಪಿಕೊಂಡಿದ್ದಳು.

"ನೀನೂ ಬತ್ತೀಯೇನಮ್ಮ?"

"ಬರ್ತೀನಿ ದೊಡ್ಡಮ್ಮಾ. ಆ ಪೆಟ್ಟಿಗೆ ಹಿಂಬದಿ ಎಡಗಡೆ ಇನ್ನೂ ಒಂಚೂರು ಸರಿಯಿಲ್ಲ, ಅಷ್ಟರೊಳಗೆ ನೋಡ್ತೀನಿ" ಎಂದಳು ಮೀನಾ, ಹೋಳಿಗೆ ಮುರಿಯುತ್ತ.