ಬೇರೆ ತಟ್ಟೆ

ಆ ಬೆಳಿಗ್ಗೆ ಬಿಸಿಲು ಏಳಲೇ ಇಲ್ಲ. ಮೋಡವೂ ಅಲ್ಲದ, ಮಂಜೂ ಅಲ್ಲದ ಬೂದಿ ಬೆಳಕೊಂದು ಓಣಿಯ ಮೇಲೆ ಕವುಚಿಕೊಂಡು ಕೂತಿತ್ತು. ಅಂಥ ದಿನ ನೂಲಿಗೆ ಬಣ್ಣ ಹಾಕುವವರು ಕೊಪ್ಪರಿಗೆಗೆ ಬೆಂಕಿ ಹಾಕುವುದಿಲ್ಲ. ಅದ್ದಿದ ನೂಲಿನ ಲಡಿ ಒಣಗದೆ ಮುಗ್ಗಲು ಹಿಡಿಯುತ್ತದೆ. ಬಣ್ಣದಣ್ಣ ಅದನ್ನೂ ದೇವರ ದಯೆ ಎಂದೇ ತಿಳಿದ. ಅಣ್ಣನ ಮಗನ ಮದುವೆ ಮಾತು ಮುಗಿಯುವ ದಿನ ಕೈಗೆ ಹೊಸ ಬಣ್ಣ ಹತ್ತುವುದು ತಪ್ಪಿತು.

ಹಳೇ ಬಣ್ಣದ ಮಾತು ಬೇರೆ. ಹರೆಯದಿಂದಲೂ ನೀಲಿಯಲ್ಲಿ ಅದ್ದಿದ ಕೈ ಅದು. ನಿಂಬೆಹೋಳು, ಇಟ್ಟಿಗೆ ಪುಡಿ, ಸೀಮೆಎಣ್ಣೆ ಎಲ್ಲ ಆಯಿತು. ಅಂಗೈ ಸ್ವಲ್ಪ ತಿಳಿಯಾಯಿತೇ ಹೊರತು ಉಗುರ ಸಂದಿಯ ಕಪ್ಪು ಕದಲಲಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ, ಇವನ ಮನೇಲಿ ಕೆಸರು ಇವನ ಕೈಗೆ, ಮೊಸರು ಅಣ್ಣನ ಮಗನ ಬಾಯಿಗೆ ಎಂದು ಓಣಿಯವರು ನಗುತ್ತಿದ್ದರು. ಅವನೂ ನಗುತ್ತಿದ್ದ. ಅಣ್ಣ ಅತ್ತಿಗೆ ಇಬ್ಬರೂ ಒಟ್ಟಿಗೇ ತೀರಿಹೋದಾಗ ಮಗುವಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ಯಾರಾದರೂ ನಿನಗೊಂದು ಮದುವೆ ಅಂದರೆ, ಇವನಿಗೆ ಹಲ್ಲು ಬರಲಿ ತಾಳಿ ಅನ್ನುತ್ತಿದ್ದ. ಹಲ್ಲು ಬಂತು, ಬಿತ್ತು, ಮತ್ತೆ ಬಂತು. ಮಗ ಓದಿದ, ದೊಡ್ಡ ಔಷಧದಂಗಡಿಯಲ್ಲಿ ಕೆಲಸಕ್ಕೆ ಸೇರಿದ. ಈಗ ಆ ಅಂಗಡಿಯ ಯಜಮಾನರೇ ತಮ್ಮ ಮಗಳನ್ನು ಕೊಡಲು ಮುಂದೆ ಬಂದಿದ್ದರು.

ಮಾತು ಮುಗಿಸುವ ಊಟ ಯೆಮನಿನವರ ಊಟದಮನೆಯಲ್ಲಿ ಎಂದು ತಿಳಿದಾಗ ಬಣ್ಣದಣ್ಣ ಹಿಗ್ಗಿದ್ದ. ಮಗನಿಗೆ ನೆನಪಿದೆಯಲ್ಲ ಅಂದುಕೊಂಡ. ಹುಡುಗ ಪಾಸಾದಾಗ, ಜ್ವರ ಬಿಟ್ಟಾಗ, ಮೊದಲ ಸಂಬಳ ಬಂದಾಗ, ಇಬ್ಬರೂ ಅಲ್ಲಿಗೇ ಹೋಗಿ ಉಂಡವರು.

ಸಮುದ್ರ ದಾಟಿ ಬಂದ ಒಂದೇ ಸಂಸಾರ ಅದನ್ನು ನಡೆಸುತ್ತಿತ್ತು. ಹಿರಿಯನನ್ನು ಎಲ್ಲರೂ ಒಲೆಯಜ್ಜ ಅನ್ನುತ್ತಿದ್ದರು. ನೆಲದೊಳಗೆ ಹೂತ ಮಣ್ಣಿನ ಒಲೆಯ ಪಕ್ಕ ಬಿಟ್ಟರೆ ಅವನಿಗೆ ಬೇರೆ ಜಾಗವಿರಲಿಲ್ಲ. ಸೊಸೆಯಂದಿರು ರೊಟ್ಟಿ ಬಡಿಯುತ್ತಿದ್ದರು, ಗಂಡುಮಕ್ಕಳು ಹೊತ್ತು ತರುತ್ತಿದ್ದರು. ಮೇಜು ಕುರ್ಚಿ ಇಲ್ಲ. ಪರದೆ ಬಿಟ್ಟ ಸಣ್ಣ ಸಣ್ಣ ಕೋಣೆ, ನೆಲದ ಮೇಲೆ ದಪ್ಪ ಹಾಸು, ನಡುವೆ ಒಂದು ದೊಡ್ಡ ಹರಿವಾಣ. ಅದರ ತುಂಬ ಅನ್ನ, ಅನ್ನದ ಮೇಲೆ ಇಡೀ ತೊಡೆಮಾಂಸ. ಇಬ್ಬರಿರಲಿ, ಹತ್ತು ಜನರಿರಲಿ, ಎಲ್ಲರ ಕೈಯೂ ಅದರಲ್ಲೇ. ಊಟಕ್ಕೆ ಕರೆದ ಕಡೆಯ ಹಿರಿಯ ಮಾಂಸವನ್ನು ಕೈಯಾರೆ ಹರಿದು ಒಬ್ಬೊಬ್ಬರ ಮುಂದೆ ಇಟ್ಟು, ಕೊನೆಗೆ ತಾನು ಉಣ್ಣಬೇಕು. ಅದು ಆ ಮನೆಯ ಪದ್ಧತಿ.

ಇವತ್ತು ಊಟಕ್ಕೆ ಕರೆದದ್ದು ಗಂಡಿನ ಕಡೆ, ಆ ಕಡೆಗೆ ಹಿರಿಯ ಅಂತ ಇದ್ದವನು ಬಣ್ಣದಣ್ಣ ಒಬ್ಬನೇ. ಆ ಮಾಂಸ ಹರಿದು ಬೀಗರ ಮುಂದೆ ಇಡಬೇಕು. ಆಡಿ ತೋರಿಸಲಾರದ ಆಸೆ ಅದು, ಆದರೆ ಒಗೆದ ಅಂಗಿಯ ತೋಳನ್ನು ಅದಕ್ಕೆಂದೇ ಮೊಣಕೈವರೆಗೆ ಮಡಚಿಕೊಂಡು ಹೋಗಿದ್ದ.

ಬಾಗಿಲಲ್ಲೇ ಬೀಗರು ಸಿಕ್ಕರು. ದೊಡ್ಡ ದನಿಯ, ಒಳ್ಳೆಯ ಮನುಷ್ಯ. ಈ ಜಾಗದ ಹೆಸರು ಬಹಳ ಕೇಳಿದ್ದೆ, ನಾನೇ ಹಟ ಹಿಡಿದೆ, ನಿಮ್ಮ ಹುಡುಗ ಇನ್ನೆಲ್ಲೋ ಮೇಜು ಕುರ್ಚಿ ಇರೋ ಕಡೆ ಗೊತ್ತು ಮಾಡಿಬಿಟ್ಟಿದ್ದ ಎಂದು ಬೆನ್ನು ತಟ್ಟಿದರು. ಬಣ್ಣದಣ್ಣನಿಗೆ ಅನ್ನದಲ್ಲಿ ಕಲ್ಲು ಸಿಕ್ಕಂತಾಯಿತು. ನುಂಗಿಕೊಂಡ.

ಒಳಗೆ ಮಗನೇ ಎಲ್ಲರನ್ನೂ ಕೂರಿಸಿದ. ಬೀಗರು, ಬೀಗಿತ್ತಿ, ಹುಡುಗಿ, ಎದುರಿಗೆ ತಾನು. ಚಿಕ್ಕಪ್ಪನಿಗೆ ಪರದೆಯ ಪಕ್ಕದ ಮೂಲೆ. ಅಲ್ಲಿ ಗಾಳಿ ಬರುತ್ತೆ ಚಿಕ್ಕಪ್ಪ, ಹಾಯಾಗಿ ಕೂತ್ಕೊಳ್ಳಿ ಅಂದ. ಹರಿವಾಣ ಬಂತು, ಹೊಗೆಯಾಡುವ ಅನ್ನ, ಮಾಂಸ. ಅದರ ಹಿಂದೆಯೇ ಒಲೆಯಜ್ಜ ತಾನೇ ಎದ್ದು ಬಂದು, ಬಣ್ಣದಣ್ಣನ ಮುಂದೆ ಬಿಳಿಯ ತಟ್ಟೆಯೊಂದನ್ನೂ ಚಮಚವನ್ನೂ ಇಟ್ಟ.

"ಇದು ಯಾರಿಗೆ ಅಜ್ಜ?" ಅಂದ ಬಣ್ಣದಣ್ಣ.

ಅಜ್ಜನಿಗೆ ಕಿವಿ ಮಂದ, ಅಂಥವರು ಪಿಸುಗುಟ್ಟಿದರೆ ಪಕ್ಕದ ಮನೆಗೂ ಕೇಳುತ್ತದೆ. "ನಿನ್ನ ಮಗ ನಿನ್ನೆ ಫೋನ್ ಮಾಡಿ ಬೇರೆ ತಟ್ಟೆ ಇಡಲು ಹೇಳಿದ. ಕೈಗೆ ಚರ್ಮದ ಕಾಯಿಲೆ ಅಂತಲ್ಲ. ಔಷಧ ತಿಳಿದವನು ಹೇಳಿದ ಮೇಲೆ ನಾನು ಎದುರಾಡಬಾರದು. ಎದೆಗೆಡಬೇಡ, ದೇವರಿದ್ದಾನೆ."

ಬೀಗಿತ್ತಿ ಹರಿವಾಣಕ್ಕೆ ಚಾಚಿದ್ದ ಕೈಯನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡರು. ಇದು ಅಂಟೋ ಅಂಥದ್ದೇನಾ ಎಂದು ಕೇಳಿದರು; ಕೆಟ್ಟ ಮನಸ್ಸಿನಿಂದ ಅಲ್ಲ, ತಾಯಿಯಾದವಳು ಕೇಳುವ ಹಾಗೆ.

ಬಣ್ಣದಣ್ಣ ಮಗನ ಮುಖ ನೋಡಿದ. ಇದು ಬಣ್ಣ ಅಂತ ಒಂದು ಮಾತು ಅಂದರೆ ಸಾಕಿತ್ತು. ಇದೇ ಕೈ ಇವನಿಗೆ ಎಲುಬು ಬಿಡಿಸಿ ತಿನ್ನಿಸಿದ್ದು, ಜ್ವರದಲ್ಲಿ ಹಣೆ ಒತ್ತಿದ್ದು. ಮಗ ಅನ್ನದ ಕಡೆಯೇ ನೋಡುತ್ತಿದ್ದ. ಕೊನೆಗೆ ಮಗ ಬಾಯಿ ತೆರೆದ. ಅಂಥದ್ದೇನಿಲ್ಲ, ನಾನೇ ಮುಲಾಮು ಕೊಡ್ತಿದೀನಿ ಅಂದ.

"ಹೌದಮ್ಮ, ಔಷಧ ನಡೀತಿದೆ," ಅಂದ ಬಣ್ಣದಣ್ಣ. ಮಡಚಿದ ತೋಳನ್ನು ಬಿಚ್ಚಿ ಗೆಣ್ಣಿನವರೆಗೆ ಇಳಿಸಿಕೊಂಡ.

ಮಾಂಸವನ್ನು ಮಗ ಹರಿದ. ಬೆರಳು ಸುಟ್ಟುಕೊಂಡು ಹಾ ಹೂ ಅಂದ. ಮಾವನಿಗೆ ಊಟ ಹಾಕೋದು ಅಂದ್ರೆ ಸುಮ್ನೇನಾ ಅಳಿಯಂದ್ರೇ ಎಂದು ಬೀಗರು ತಮಾಷೆ ಮಾಡಿದರು, ಎಲ್ಲರೂ ನಕ್ಕರು. ಬಣ್ಣದಣ್ಣನೂ ನಕ್ಕ. ಚಮಚದಲ್ಲಿ ಉಂಡು ಅಭ್ಯಾಸವಿಲ್ಲದೆ ಅಗುಳು ಹಾಸಿನ ಮೇಲೆ ಉದುರುತ್ತಿತ್ತು. ಅನ್ನ ದೇವರು, ತುಳಿಯಬಾರದು ಎಂದು ಒಂದೊಂದನ್ನೇ ಆರಿಸಿ ತಟ್ಟೆಯ ಅಂಚಿಗಿಟ್ಟ. ಹುಡುಗಿ ಒಮ್ಮೆ ನೋವಾಗುತ್ತಾ ಅಂತ ಕೇಳಿದಳು. ಇಲ್ಲ ತಾಯಿ ಅಂದ. ಅರ್ಧ ಉಂಡು, ಕೈ ತೊಳೆಯುವ ನೆಪದಲ್ಲಿ ಎದ್ದ. ಚಮಚದಲ್ಲಿ ಉಂಡವನು ಯಾವ ಕೈ ತೊಳೆಯುತ್ತಾನೆ ಎಂದು ಅಲ್ಲಿ ಯಾರಿಗೂ ಹೊಳೆಯಲಿಲ್ಲ.

ಮಗನಿಗೆ ಮಾತ್ರ ಹೊಳೆಯಿತು. ನಲ್ಲಿಯ ಹತ್ತಿರ ಹಿಂದೆಯೇ ಬಂದು ನಿಂತ. ತಪ್ಪು ತಿಳ್ಕೋಬೇಡಿ, ಅವರ ಮನೆಯಲ್ಲಿ ಶುಚಿ ಜಾಸ್ತಿ, ಎಲ್ಲರೂ ಕೈ ಹಾಕೋ ಹರಿವಾಣ ಬೇರೆ ಎಂದು ತಡವರಿಸಿದ.

"ಬಣ್ಣ ಅಂತ ಹೇಳಬಹುದಿತ್ತಲ್ಲ ಮಗಾ?"

"ಬಣ್ಣ ಅಂದ್ರೆ ಯಾವ ಕೆಲಸ ಅಂತ ಕೇಳ್ತಾರೆ. ಬಟ್ಟೆ ವ್ಯಾಪಾರ ಅಂತ ಹೇಳಿಬಿಟ್ಟಿದೀನಿ."

ಬಣ್ಣದಣ್ಣ ನಲ್ಲಿ ನಿಲ್ಲಿಸಿದ. "ಅಂದ್ರೆ ನನ್ನ ಕೆಲಸಕ್ಕಿಂತ ಕಾಯಿಲೆಯೇ ಮೇಲು ಅನ್ನಿಸ್ತು ನಿಂಗೆ."

ಒಳಗೆ ಕಾಯ್ತಿದಾರೆ ಅಂದ ಮಗ, ಹೋದ.

ಹಿರಿಯರು ಸಿಟ್ಟನ್ನು ಕೆಂಡಕ್ಕೆ ಹೋಲಿಸುತ್ತಾರೆ. ಬಣ್ಣದಣ್ಣನಿಗೆ ಸಿಟ್ಟು ಬಂದಿದ್ದರೆ ಮೈಯಾದರೂ ಬೆಚ್ಚಗಾಗುತ್ತಿತ್ತು. ಅವನು ಸುಮ್ಮನೆ ಗೋಡೆಗೆ ಒರಗಿ, ಕೈಯಿಂದ ನೀರು ತೊಟ್ಟಿಕ್ಕುವುದನ್ನು ನೋಡುತ್ತ ನಿಂತ. ದೇವರೇ, ಮಗು ಸುಖವಾಗಿರಲಿ ಅಂದುಕೊಳ್ಳಲು ಹೋದ. ಎಂದೂ ತಪ್ಪದ ಆ ಮಾತು ಅವತ್ತು ಅರ್ಧಕ್ಕೇ ನಿಂತಿತು.

ಅಷ್ಟರಲ್ಲಿ ಒಲೆಯಜ್ಜ ಒಂದು ಕುಡಿಕೆ ಎಣ್ಣೆ ಹಿಡಿದು ಬಂದ. ನಮ್ಮ ಕಡೆ ಚರ್ಮಕ್ಕೆ ಇದನ್ನೇ ಹಚ್ಚೋದು, ಕೊಡು ಇಲ್ಲಿ ಎಂದು ಅವನ ಕೈ ಹಿಡಿದ. ಹೆಬ್ಬೆರಳಿನಿಂದ ತೀಡಿದ, ಬೆಳಕಿಗೆ ತಿರುಗಿಸಿದ. ಗಾಯವಿಲ್ಲ, ಹೊಪ್ಪಳೆಯಿಲ್ಲ. ಇಷ್ಟು ವರ್ಷ ತನ್ನ ಹರಿವಾಣಗಳಲ್ಲಿ ಆಡಿದ ಅದೇ ನೀಲಿ.

"ಇದು ನಿನ್ನ ಹಳೇ ಬಣ್ಣವೇ ಅಲ್ವಾ?"

ಬಣ್ಣದಣ್ಣ ಹೌದು ಅನ್ನಲಿಲ್ಲ. ಹೌದು ಅಂದರೆ ಮಗ ಸುಳ್ಳನಾಗುತ್ತಾನೆ. ಅಜ್ಜ ಮತ್ತೆ ಕೇಳಲೂ ಇಲ್ಲ. ಕುಡಿಕೆಯ ಮುಚ್ಚಳ ಹಾಕಿದ.

"ನನ್ನ ಅಪ್ಪನ ಕಾಲದಿಂದ ಈ ಮನೇಲಿ ಯಾರಿಗೂ ಬೇರೆ ತಟ್ಟೆ ಇಟ್ಟಿರಲಿಲ್ಲ," ಅಂದ. "ನಿನಗೆ ಇಟ್ಟೆ."

ತೋಳು ಹಿಡಿದು ಒಲೆಯ ಕೋಣೆಗೆ ಕರೆದುಕೊಂಡು ಹೋದ. ಅಲ್ಲಿ ಮನೆಯವರ ಊಟಕ್ಕೆ ಹಾಸು ಬಿದ್ದಿತ್ತು. ಗಂಡುಮಕ್ಕಳು, ಸೊಸೆಯಂದಿರು ಏನೊಂದೂ ಕೇಳದೆ ಸರಿದು ಜಾಗ ಬಿಟ್ಟರು. ಪರದೆಯಾಚೆ ಬೀಗರು ಏನೋ ಅಂದರು, ಎಲ್ಲರಿಗಿಂತ ಜೋರಾಗಿ ಮಗ ನಕ್ಕದ್ದು ಕೇಳಿತು. ಹರಿವಾಣ ನಡುವೆ ಬಂದು ಕೂತಿತು. ಮಾಂಸವನ್ನು ಇನ್ನೂ ಯಾರೂ ಮುಟ್ಟಿರಲಿಲ್ಲ. ಹರಿಯಬೇಕಾದವನು ಮನೆಯ ಹಿರಿಯ, ಎಲ್ಲರೂ ಅಜ್ಜನ ಕೈ ನೋಡಿದರು. ಅಜ್ಜ ಅಂಚು ಹಿಡಿದು, ಸದ್ದಾಗದ ಹಾಗೆ ಹರಿವಾಣವನ್ನು ತಿರುಗಿಸಿ, ಮಾಂಸದ ಬದಿಯನ್ನು ಬಣ್ಣದಣ್ಣನ ಮುಂದಕ್ಕೆ ಇಟ್ಟ.