ಸಾಹೇಬನ ಮೂಲಕ ಮಾತು

ದನದ ಫಾರ್ಮ್ ನಡೆಸುತ್ತಿದ್ದ ಅತ್ತಿಗೆ ನಾದಿನಿಯರು ಮಾತು ಬಿಟ್ಟಿದ್ದರು. ನಾದಿನಿ ಅತ್ತಿಗೆಯ ಉಣ್ಣೆ ಸ್ವೆಟರನ್ನು ಕುದಿಯುವ ನೀರಲ್ಲಿ ಅದ್ದಿ, ಗೊಂಬೆಗೆ ತೊಡಿಸುವಷ್ಟು ಚಿಕ್ಕದು ಮಾಡಿಟ್ಟಿದ್ದಳು. ಅಂದಿನಿಂದ ಇಬ್ಬರೂ ಹೇಳಬೇಕಾದದ್ದನ್ನೆಲ್ಲ ನಾಯಿಗೆ ಹೇಳುತ್ತಿದ್ದರು. ನಾಯಿಯ ಹೆಸರು ಸಾಹೇಬ. "ಸಾಹೇಬಾ, ಉಪ್ಪು ಬೇಕಾದವರು ಎದ್ದು ತಗೋಬಹುದು ಅಂತ ಹೇಳು" ಎಂದರೆ ಅದು ಇಬ್ಬರ ಮುಖವನ್ನೂ ನೋಡಿ ಬಾಲ ಅಲ್ಲಾಡಿಸುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಮಚ್ಚೆ ಹಸು ಬೇಲಿಯ ಮೂಲೆಯಲ್ಲಿ ಕರು ಹಾಕಿತು. ಕರುವಿನ ಹೊಕ್ಕುಳಿಗೆ ಅಯೋಡಿನ್ ಹಚ್ಚಬೇಕು, ಕಿವಿಗೆ ನಂಬರಿನ ಬಿಲ್ಲೆ ಹಾಕಬೇಕು. ಅದು ಒಬ್ಬರಿಂದಾಗುವ ಕೆಲಸವಲ್ಲ. ಒಬ್ಬರು ಕರು ಹಿಡಿದರೆ ಇನ್ನೊಬ್ಬರು ತಾಯಿಯ ಮೇಲೆ ಕಣ್ಣಿಟ್ಟು ಕೂಗಿ ಎಚ್ಚರಿಸಬೇಕು. ನಾಯಿಯನ್ನಂತೂ ಜೀಪಿನಿಂದ ಕೆಳಗಿಳಿಸುವಂತೆಯೇ ಇಲ್ಲ. ಆಗಷ್ಟೇ ಕರು ಹಾಕಿದ ಹಸುವಿಗೆ ನಾಯಿಯೂ ಒಂದೇ, ತೋಳವೂ ಒಂದೇ. ಹಾಗಾಗಿ ಸಾಹೇಬನನ್ನು ಜೀಪಿನ ಹಿಂದಿನ ಸೀಟಿಗೆ ಕಟ್ಟಿದ್ದರು.

ಅತ್ತಿಗೆ ಜೀಪನ್ನು ಹಸುವಿಗೂ ಕರುವಿಗೂ ಅಡ್ಡ ತಂದು ನಿಲ್ಲಿಸಿದಳು. ನಾದಿನಿ ಬಾಗಿಲು ತೆರೆದಿಟ್ಟೇ ಇಳಿದು ಕರುವಿನ ಪಕ್ಕ ಮಂಡಿಯೂರಿದಳು. ಕರು ಸಣ್ಣಗೆ ಕೂಗಿತು. ಹಸು ತಲೆ ಎತ್ತಿ, ಜೀಪನ್ನು ಸುತ್ತಿಕೊಂಡು ಕರುವಿನತ್ತ ಹೊರಟಿತು.

ಅತ್ತಿಗೆ ನೋಡಿದಳು. ಬಾಯಿ ತೆರೆದಳು. ಆದರೆ ಹಠ ಬಿಡಬೇಕಲ್ಲ! ಹಿಂದಕ್ಕೆ ತಿರುಗಿ, "ಸಾಹೇಬಾ, ಅವಳಿಗೆ ಹೇಳು, ಹಸು ಬರ್ತಿದೆ ಅಂತ" ಎಂದಳು.

ಸಾಹೇಬ ಹುಟ್ಟಿದಾಗಿನಿಂದ ಮೊದಲ ಸಲ ಹೇಳಿದ ಕೆಲಸ ಮಾಡಿತು. ಗಂಟಲು ಹರಿಯುವಂತೆ ಬೊಗಳಿತು. ಅಷ್ಟು ಸಾಕಾಯಿತು. ಹಸು ಕೊಂಬು ತಗ್ಗಿಸಿ ನುಗ್ಗಿತು.

"ಲೇ ಪುಟ್ಟೀ! ಹತ್ತೇ ಒಳಗೆ!"

ನಾದಿನಿ ಪುಟ್ಟಿ ಹಾರಿ ಬಿದ್ದದ್ದು ನೇರ ಅತ್ತಿಗೆಯ ತೊಡೆಯ ಮೇಲೆ. ಬಾಗಿಲು ದಢಾರನೆ ಮುಚ್ಚಿತು, ಹೊರಗೆ ಕೊಂಬು ಢಣ್ಣೆಂದಿತು, ಅಯೋಡಿನ್ ಸೀಸೆ ಪೂರ್ತಿ ಅತ್ತಿಗೆಯ ಮುಖಕ್ಕಾಯಿತು.

"ಇದನ್ನ ಹೇಳೋದಕ್ಕೂ ನಾಯಿ ಬೇಕಿತ್ತಾ ಅತ್ತಿಗೆ? ಸತ್ತೇ ಹೋಗ್ತಿದ್ದೆ!"

"ಬಿಡ್ತು ಅನ್ನೇ. ನನ್ನ ಎದೆ ಇನ್ನೂ ಹೊಡ್ಕೊಳ್ತಿದೆ." ಕಂದು ಮುಖದ ಅತ್ತಿಗೆ ಅವಳ ತೋಳನ್ನು ಬಿಗಿಯಾಗಿ ಹಿಡಿದೇ ಇದ್ದಳು.

"ಬೇರೆ ಸ್ವೆಟರ್ ಹೆಣೆದುಕೊಡ್ತೀನಿ ಬಿಡಿ."

"ಬೇಡಮ್ಮಾ ತಾಯಿ. ನೀನು ಹೆಣೆದ್ರೆ ಕುತ್ತಿಗೆ ಎಲ್ಲಿ, ತೋಳು ಎಲ್ಲಿ ಅಂತ ಹುಡುಕ್ಬೇಕಾಗುತ್ತೆ."

ಮಧ್ಯಾಹ್ನ ಸಾಹೇಬನನ್ನು ಮನೆಯಲ್ಲೇ ಬಿಟ್ಟು ಬಂದರು. ಹಿಂಡಿಯ ಆಸೆ ತೋರಿಸಿ ಹಸುವನ್ನು ಗೇಟಿನಾಚೆ ಕೂಡಿಹಾಕಿದ ಮೇಲೆ ನಾದಿನಿ ಕರು ಹಿಡಿದಳು. ಅತ್ತಿಗೆ ಗೇಟಿಗೆ ಆತುಕೊಂಡು ಕಾವಲು ನಿಂತಳು.

"ಹಸು ನಿಂತಿದೆ ಕಣೇ! ಬಾಲ ಬೀಸ್ತು ಕಣೇ! ಈಗ ಮೆಲುಕು ಹಾಕ್ತಿದೆ! ನನ್ನನ್ನೇ ನೋಡ್ತಿದೆ ಕಣೇ!"

"ಅತ್ತಿಗೆ, ಸ್ವಲ್ಪ ಸುಮ್ಮನಿರ್ತೀರಾ? ಕರು ಹೆದರ್ಕೊಳ್ತಿದೆ" ಎಂದಳು ನಾದಿನಿ.