ಹೊಳೆಯಲ್ಲಿ ಬೀಗರು

ನನಗೆ ನಲವತ್ತೈದು. ಹೊಟ್ಟೆ ಸ್ವಲ್ಪ ಮುಂದೆ ಬಂದಿದೆ, ಒಪ್ಪುತ್ತೇನೆ. ಆದರೆ ನೀರಿಗೆ ಬಿದ್ದರೆ ನನ್ನನ್ನು ಹಿಡಿಯುವವನು ಕುಶಾಲನಗರದಲ್ಲಿ ಇನ್ನೂ ಹುಟ್ಟಿಲ್ಲ. ಹಿಡಿದವನು ಒಬ್ಬನೇ, ಅವನು ಹೊಳೆಯಾಚೆಯ ಸಣ್ಣಸ್ವಾಮಿ.

ಆಗ ಕಾವೇರಿಯ ಈ ದಡ ಕೊಡಗು, ಆ ದಡ ಮೈಸೂರು. ನಾವಿಬ್ಬರೂ ಹುಡುಗರಾಗಿದ್ದಾಗಿನ ಕೊನೆಯ ಈಜು ಪಂದ್ಯದಲ್ಲಿ ಅವನು ನನ್ನನ್ನು ಒಂದೇ ಗೇಣಿನ ಅಂತರದಲ್ಲಿ ಸೋಲಿಸಿದ. ಆಮೇಲೆ ಮದುವೆ, ಹೊಲ, ಮಕ್ಕಳು, ಪಂದ್ಯವೂ ನಿಂತುಹೋಯಿತು. ಆ ಒಂದು ಗೇಣು ಮಾತ್ರ ಹೊಟ್ಟೆಯೊಳಗೆ ಉರಿಯುತ್ತಲೇ ಇತ್ತು.

ಕೊಡಗು ಮೈಸೂರಿಗೆ ಸೇರಿತಲ್ಲ, ಎರಡು ದಡವೂ ಒಂದೇ ರಾಜ್ಯವಾಯಿತೆಂದು ಯುವಕರ ಸಂಘದವರು ಪಂದ್ಯವನ್ನು ಮತ್ತೆ ಶುರುಮಾಡಿದರು. ನಲವತ್ತು ದಾಟಿದವರಿಗೂ ಒಂದು ಪಂದ್ಯ ಇಟ್ಟರು. ಹೆಸರು ಕೊಟ್ಟವರು ನಾವಿಬ್ಬರೇ. ಅಭ್ಯಾಸದ ಮೊದಲ ದಿನ ನಡುಹೊಳೆಯಲ್ಲೇ ಜೀವ ಬಾಯಿಗೆ ಬಂತು. ಬಿಡಲಿಲ್ಲ. ತಿಂಗಳೊಳಗೆ ಹಳೆಯ ತೋಳ್ಬಲ ಮರಳಿ ಬಂತು.

ಅಷ್ಟರಲ್ಲಿ ನನ್ನ ಮಗಳು ಗಂಗೆಗೆ ಸಂಬಂಧ ಕೂಡಿಬಂತು. ಹುಡುಗ ಯಾರು? ಸಣ್ಣಸ್ವಾಮಿಯ ಮಗ! ಗಂಗೆಗೂ ಹುಡುಗ ಒಪ್ಪಿಗೆ. ಎಲೆಅಡಿಕೆ ಬದಲಾಯಿಸಿಕೊಂಡೆವು.

"ಗಂಡಿನ ತಂದೆನ ಊರೆದುರು ಸೋಲಿಸ್ತೀರಾ? ಸುಮ್ನೆ ಸೋತು ಬನ್ನಿ," ಎಂದಳು ಹೆಂಡತಿ ಚಲುವಮ್ಮ. "ಸಂಬಂಧ ಮುರಿದ್ರೆ ನಿಮ್ಮನ್ನ ಮನೆ ಒಳಗೆ ಸೇರಿಸಲ್ಲ."

ಮಗಳ ಮುಖ ನೋಡಿ ಹೂಂ ಅಂದೆ. ಸಂಕಟವಾಯಿತು, ಆದರೂ ಅಂದೆ.

ಪಂದ್ಯದ ದಿನ ಬಂತು. ಆಚೆ ದಡದ ಬಂಡೆ ಮುಟ್ಟಿ ವಾಪಸು ಬರಬೇಕು. ಬಂಡೆ ಮುಟ್ಟಿದಾಗ ನಾನೇ ಮುಂದಿದ್ದೆ. ಕೊಟ್ಟ ಮಾತು ನೆನಪಾಗಿ ಕೈ ನಿಧಾನಿಸಿದೆ. ತಿರುಗಿ ನೋಡಿದರೆ ಅವನೂ ನಿಧಾನಿಸಿದ್ದಾನೆ!

"ನೀವು ನಡೀರಿ ಬೀಗರೇ," ಅಂದೆ.

"ಛೆ ಛೆ, ನೀವೇ ಮುಂದೆ ನಡೀರಿ," ಅಂದ.

ಊಟದ ಪಂಕ್ತಿಯಲ್ಲಿ ಉಪಚಾರ ಮಾಡಿದ ಹಾಗೆ ನಡುಹೊಳೆಯಲ್ಲಿ ತೇಲುತ್ತಾ ನಿಂತೆವು. ಎರಡು ದಡದಲ್ಲೂ ಜನ ನಕ್ಕರು. ಅವನ ಮನೆಯಲ್ಲೂ ಹೇಳಿಕೊಟ್ಟು ಕಳಿಸಿದ್ದರು! ಇವನು ಭಿಕ್ಷೆ ಹಾಕುವ ಗೆಲುವು ಯಾರಿಗೆ ಬೇಕು? ನನಗೆ ಪಿತ್ತ ನೆತ್ತಿಗೇರಿತು.

"ಲೋ ಸಣ್ಣಸ್ವಾಮಿ! ಈಜೋಕೆ ಬಂದಿದ್ದೀಯೋ, ಎಮ್ಮೆ ಥರ ನೆನೆಯೋಕೆ ಬಂದಿದ್ದೀಯೋ?"

ದಡದ ನಗು ನಿಂತಿತು. ಗಂಡಿನ ತಂದೆಗೆ ಊರೆದುರು ಲೋ ಅಂದುಬಿಟ್ಟಿದ್ದೆ.

ಅವನು ಕಣ್ಣು ಕೆಂಪಗೆ ಮಾಡಿ ನನ್ನನ್ನು ದಾಟಿ ನುಗ್ಗಿದ. ನಾನೂ ನುಗ್ಗಿದೆ. ಮೊದಲು ಅವನ ಹಿಮ್ಮಡಿಗೆ ಸಮನಾದೆ, ಆಮೇಲೆ ಸೊಂಟಕ್ಕೆ, ಆಮೇಲೆ ಭುಜಕ್ಕೆ. ದಡ ಮೊದಲು ಮುಟ್ಟಿದ್ದು ನನ್ನ ಕೈ. ಅಬ್ಬಾ, ಅಂಥ ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ!

ಮೇಲೆ ಬಂದರೆ ಚಲುವಮ್ಮ ಸೆರಗು ಬಾಯಿಗೆ ತುರುಕಿಕೊಂಡು ನಿಂತಿದ್ದಳು. ಗಂಗೆ ತಲೆ ತಗ್ಗಿಸಿದ್ದಳು. ಸಣ್ಣಸ್ವಾಮಿ ಏದುಸಿರು ಬಿಡುತ್ತಾ ನೇರ ಅವರ ಹತ್ತಿರ ಹೋದ.

"ಚಲುವಕ್ಕಾ, ಮುಹೂರ್ತ ಬೇಗ ಇಡಿಸಿ," ಎಂದು ನನ್ನತ್ತ ಬೆರಳು ತೋರಿಸಿದ. "ಮದುವೆ ಆದ ಮಾರನೇ ದಿನ ಇಲ್ಲೇ ಮತ್ತೆ ಪಂದ್ಯ. ಈ ಬಡ್ಡಿಮಗ ನನ್ನ ಕೈಲಿ ಸೋಲೋವರೆಗೂ ಸೊಸೇನ ತವರಿಗೆ ಕಳಿಸಲ್ಲ!"

ಗಂಗೆ ತಲೆ ಎತ್ತಿದಳು.

"ಹಂಗಾದ್ರೆ ನಾನಿನ್ನು ತವರು ನೋಡಿದ ಹಾಗೇ ಬಿಡಿ, ಮಾವ."